ಹೊರಗ ಸಣ್ಣ ಗಾಯ, ಒಳಗ ದೊಡ್ಡ ಆಪರೇಷನ್

1/9
ಹೃದಯ ಎಲ್ಲೈತಿ ಅಂತ ಕೇಳಿದ್ರ ಎದಿ ಮೇಲೆ ಕೈ ಇಡ್ತೀರಿ. ಕಿಡ್ನಿ ಅಂದ್ರ ಸೊಂಟ ಮುಟ್ಕೋತೀರಿ. ಪ್ಯಾಂಕ್ರಿಯಾಸ್ ಎಲ್ಲೈತಿ? ತೋರಿಸ್ರಿ ನೋಡೋಣ.

ನಮ್ಮ ಮನೆಯಲ್ಲಿ ಹನ್ನೊಂದು ಮಂದಿ. ಹೋದ ವರ್ಷದ ತನಕ ಒಬ್ಬರಿಗೂ ಗೊತ್ತಿರಲಿಲ್ಲ. ಹೆಸರು ಮಾತ್ರ ಗೊತ್ತಿತ್ತು, ಅದಕ್ಕೂ ಕಾರಣ ಮಹದಾಯಿ. ನವಲಗುಂದ ತಾಲೂಕಿನಲ್ಲಿ ಗೋವಾ ಮುಖ್ಯಮಂತ್ರಿ ಮನೋಹರ ಪರ್ರಿಕರ್ ಹೆಸರು ಕೇಳದವರು ಸಿಗೋದಿಲ್ಲ. 2019ರ ಮಾರ್ಚ್‌ನಲ್ಲಿ ಅವರು ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನಿಂದ ತೀರಿಕೊಂಡಾಗ ನಮ್ಮೂರ ಕಟ್ಟೆ ಮೇಲೆ ಆ ಪದ ಮೊದಲ ಸಲ ಓಡಾಡಿತು. ಹಂಗಾಗಿ ನಮ್ಮ ಕಡೆ ಪ್ಯಾಂಕ್ರಿಯಾಸ್ ಅಂದ್ರೆ ಒಂದು ಅಂಗ ಅಲ್ಲ, ಸಾಯುವ ರೋಗ.

ಕನ್ನಡದಲ್ಲಿ ಇದು ಮೇದೋಜೀರಕ ಗ್ರಂಥಿ. ಒಂದು ಉದ್ದನೆ ಬ್ಯಾಡಗಿ ಮೆಣಸಿನಕಾಯಿಯನ್ನು ಅಡ್ಡ ಮಲಗಿಸಿದ್ದೀರಿ ಅಂತ ತಿಳ್ಕೊಳ್ರಿ. ದಪ್ಪ ತಲೆ ಬಲಕ್ಕೆ, ಸಣ್ಣ ಬಾಲ ಎಡಕ್ಕೆ, ಉದ್ದ ಸುಮಾರು 15 ಸೆಂಟಿಮೀಟರ್. ಜಠರದ ಹಿಂದೆ, ಬೆನ್ನೆಲುಬಿನ ಮುಂದೆ ಇರುತ್ತದೆ. ತಲೆಯನ್ನು ಸಣ್ಣಕರುಳಿನ ಮೊದಲ ತಿರುವು ಅಪ್ಪಿಕೊಂಡಿರುತ್ತದೆ, ಬಾಲ ಗುಲ್ಮದ ತನಕ ಹೋಗುತ್ತದೆ. ಎರಡು ಕೆಲಸ: ರಕ್ತಕ್ಕೆ ಇನ್ಸುಲಿನ್ ಬಿಡೋದು, ಕರುಳಿಗೆ ಜೀರ್ಣರಸ ಕಳಿಸೋದು. ಆ ಜೀರ್ಣರಸ ಮಾಂಸವನ್ನೂ ಕರಗಿಸುವಂಥದ್ದು. ಇದೊಂದು ಮಾತು ನೆನಪಿಟ್ಕೊಳ್ರಿ, ಎಂಟನೇ ಭಾಗದಲ್ಲಿ ಬೇಕಾಗುತ್ತದೆ.

ಈ ಸರಣಿ ನಮ್ಮ ದೊಡ್ಡಪ್ಪನ ಮಗಳದ್ದು. ನಾನು ಆಕೆಗೆ ಅಕ್ಕ ಅಂತೀನಿ, ಇಲ್ಲೂ ಅಷ್ಟೇ ಅಂತೀನಿ. ಆಕೆಯನ್ನ ಕೇಳಿಯೇ ಬರೀತಿದೀನಿ. "ಹೆಸರು ಬ್ಯಾಡ, ಉಳಿದದ್ದೆಲ್ಲಾ ಬರಿ" ಅಂದಾಳ.

2/9
ಅಕ್ಕನಿಗೆ 23. ಊಟ ಆದಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ಕಲ್ಲು ಇಟ್ಟಂಗ ಭಾರ, ಒಮ್ಮೊಮ್ಮೆ ಬೆನ್ನಿಗೂ ನೋವು. ಐದು ತಿಂಗಳು ಗ್ಯಾಸಿನ ಗುಳಿಗೆ ನಡೆಯಿತು. ಸಜ್ಜಿ ರೊಟ್ಟಿ ಬಿಡು ಅಂದರು, ಬಿಟ್ಟಳು. ಖಾರ ಬಿಡು ಅಂದರು. ಮೆಣಸಿನಕಾಯಿ ಬೆಳೆಯುವ ಮನೆಯಲ್ಲಿ ಖಾರವನ್ನೂ ಬಿಟ್ಟಳು. ಭಾರ ಇಳೀಲಿಲ್ಲ.

ದಸರಾ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಜಠರದ ಹಿಂದೆ ಏನೋ ಕಂಡಿತು. ಆಮೇಲೆ ಸಿಟಿ ಸ್ಕ್ಯಾನ್. ಪ್ಯಾಂಕ್ರಿಯಾಸಿನ ಬಾಲದಲ್ಲಿ ದೊಡ್ಡ ಲಿಂಬೆಹಣ್ಣಿನಷ್ಟು ಗಂಟು.

ಡಾಕ್ಟರು ಬರೆದ ಹೆಸರು: ಸಾಲಿಡ್ ಸೂಡೋಪ್ಯಾಪಿಲರಿ ನಿಯೋಪ್ಲಾಸಂ. 1959ರಲ್ಲಿ ವರ್ಜೀನಿಯಾ ಫ್ರಾಂಟ್ಜ್ ಅನ್ನೋ ಅಮೆರಿಕದ ವೈದ್ಯೆ ಇದನ್ನು ಗುರುತಿಸಿ ಬರೆದಿದ್ದಕ್ಕೆ ಫ್ರಾಂಟ್ಜ್ ಗಡ್ಡೆ ಅಂತಲೂ ಕರೀತಾರೆ. ಅಪರೂಪದ್ದು. ಬಂದರೆ ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಿಗೇ ಬರುತ್ತದೆ. ನಿಧಾನ ಬೆಳೆಯುತ್ತದೆ. ಕೆಲವರಲ್ಲಿ ಬೇರೆ ಕಡೆ ಹರಡೋದೂ ಉಂಟು, ಆದರೆ ಪೂರ್ತಿ ತೆಗೆದರೆ ಬಹುತೇಕರು ಗುಣ ಆಗ್ತಾರೆ. ಪರ್ರಿಕರ್ ಅವರಿಗೆ ಬಂದ ಥರದ್ದಲ್ಲ.

ಈ ಕೊನೆಯ ಸಾಲು ಮನೆಯವರ ತಲೆಗೆ ಹೋಗಲು ಮೂರು ದಿನ ಬೇಕಾಯಿತು. ದೊಡ್ಡವ್ವ ಅಡಗಿಮನೆಯಲ್ಲಿ ಹಿಟ್ಟು ನಾದುತ್ತಾ ಅಳುತ್ತಿದ್ದಳು. ಅಕ್ಕನೇ ಹೋಗಿ, "ಯವ್ವಾ, ಅದು ಬ್ಯಾರೆ, ಇದು ಬ್ಯಾರೆ. ಹೆಸರಷ್ಟ ಒಂದ" ಅಂತ ಸಮಾಧಾನ ಮಾಡಿದಳು. ರೋಗ ಯಾರಿಗೆ ಬಂದಿತ್ತೋ ಅವರೇ ಉಳಿದವರಿಗೆ ಧೈರ್ಯ ಹೇಳೋದು ನಮ್ಮ ಮನೆಗಳಲ್ಲಿ ಹೊಸದಲ್ಲ.

3/9
ತೆಗೆಯಲೇಬೇಕು ಅಂತ ಆದ ಮೇಲೆ ಬಂದ ಪ್ರಶ್ನೆ: ಹೊಟ್ಟೆ ಕೊಯ್ದೋ, ತೂತು ಹಾಕಿಯೋ?

ನಮ್ಮೂರ ಹೆಂಗಸರಿಗೆ ಲ್ಯಾಪ್ರೊಸ್ಕೋಪಿ ಅನ್ನೋ ಪದ ಹೊಸದಲ್ಲ. ಮಕ್ಕಳಾಗದ ಹಾಗೆ ಮಾಡುವ ಕ್ಯಾಂಪುಗಳಿಂದ ಕಲಿತ ಪದ ಅದು. ದೊಡ್ಡವ್ವನಿಗೂ ಆಗಿದೆ. "ಮರುದಿನಾನ ಮನೀಗೆ ಬಂದಿದ್ದೆ, ಅದರಾಗೇನೈತಿ" ಅಂದಳು. ಎಲ್ಲರ ಮನಸ್ಸಿನಲ್ಲೂ ಕೂತಿದ್ದು ಇದೇ ಅಳತೆ: ತೂತು ಅಂದ್ರೆ ಸಣ್ಣದು, ಸಣ್ಣದು ಅಂದ್ರೆ ನಾಳೆಗೇ ಗುಣ.

ಪಿತ್ತಕೋಶವನ್ನು ಈ ರೀತಿ ಮೊದಲು ತೆಗೆದದ್ದು 1985ರಲ್ಲಿ, ಜರ್ಮನಿಯ ಎರಿಕ್ ಮ್ಯೂಹೆ. ಭಾರತದಲ್ಲಿ 1990ರಲ್ಲಿ, ಮುಂಬೈಯ ಡಾ. ತೆಹಮ್ತನ್ ಉದ್ವಾಡಿಯಾ. ಈಗ ಹುಬ್ಬಳ್ಳಿ, ಧಾರವಾಡದಲ್ಲಿ ಪಿತ್ತಕೋಶದ ಕಲ್ಲಿಗೆ ತೂತಿನ ಆಪರೇಷನ್ ಮಾಮೂಲು. ಆದರೆ ಪ್ಯಾಂಕ್ರಿಯಾಸ್ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಅದರ ತಲೆಯ ಭಾಗವನ್ನು ಲ್ಯಾಪ್ರೊಸ್ಕೋಪಿಯಲ್ಲಿ ತೆಗೆದ ಮೊದಲ ವರದಿ ಬಂದದ್ದು 1994ರಲ್ಲಿ, ಕೆನಡಾದ ಮಿಶೆಲ್ ಗಾನ್ಯೇ ಮತ್ತು ಆಲ್ಫನ್ಸ್ ಪಾಂಪ್ ಅವರಿಂದ. ನಮ್ಮ ದೇಶದಲ್ಲಿ ಈ ದಾರಿಯಲ್ಲಿ ಬಹಳ ದುಡಿದವರು ಕೊಯಮತ್ತೂರಿನ ಡಾ. ಸಿ. ಪಳನಿವೇಲು.

ಯಾಕೆ ಕಷ್ಟ? ಒಂದು, ಅದು ಹಿಂದೆ ಅಡಗಿ ಕುಂತಿದೆ. ಎರಡು, ಮೈಯ ದೊಡ್ಡ ರಕ್ತನಾಳಗಳು ಅದಕ್ಕೆ ಅಂಟಿಕೊಂಡೇ ಹಾಯುತ್ತವೆ. ಮೂರು, ಅದರ ರಚನೆ ಬಹಳ ಮೆತ್ತಗೆ. ಹೊಲಿಗೆ ಹಾಕಿದರೆ ದಾರ ಗಟ್ಟಿಯಾಗಿ ನಿಲ್ಲೋದಿಲ್ಲ. ಪಿತ್ತಕೋಶ ಕೊಯ್ಯೋದು ಬಳ್ಳಿಯಿಂದ ಹೀರೆಕಾಯಿ ಹರಿದಂಗ. ಇದು ಮುಳ್ಳುಬೇಲಿಯೊಳಗೆ ಸಿಕ್ಕ ಸೀರೆಯನ್ನು ಹರಿಯದೆ ಬಿಡಿಸಿದಂಗ.

4/9
ಸ್ವಲ್ಪ ಅಂಕಿ ಸಂಖ್ಯೆ. ಬೇಸರ ಮಾಡ್ಕೋಬ್ಯಾಡ್ರಿ, ನಮ್ಮ ಮನೆಯ ತೀರ್ಮಾನ ನಿಂತಿದ್ದೇ ಇದರ ಮೇಲೆ.

ಪ್ಯಾಂಕ್ರಿಯಾಸಿನ ತಲೆಗೆ ಒಂದು ಆಪರೇಷನ್, ಬಾಲಕ್ಕೆ ಇನ್ನೊಂದು. ತಲೆಯದಕ್ಕೆ ವಿಪ್ಪಲ್ ಅಂತಾರೆ, 1935ರಲ್ಲಿ ಅದನ್ನು ವರದಿ ಮಾಡಿದ ನ್ಯೂಯಾರ್ಕಿನ ಆಲನ್ ವಿಪ್ಪಲ್ ಹೆಸರು. ತಲೆ, ಸಣ್ಣಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ತುದಿ ಎಲ್ಲಾ ತೆಗೆದು, ಉಳಿದದ್ದನ್ನು ಮೂರು ಕಡೆ ಮತ್ತೆ ಜೋಡಿಸಬೇಕು. ಬಾಲದ್ದು ಹಾಗಲ್ಲ. ಕತ್ತರಿಸಿ ತುದಿ ಮುಚ್ಚಬೇಕು, ಜೋಡಣೆ ಇಲ್ಲ.

ಕೊಯಮತ್ತೂರಿನ ತಂಡ 2017ರಲ್ಲಿ ಒಂದು ಹೋಲಿಕೆ ಪ್ರಕಟಿಸಿತು. ತಲೆಯ ಆಪರೇಷನ್ ಬೇಕಾದ 64 ರೋಗಿಗಳು. ಚೀಟಿ ಎತ್ತಿದ ಹಾಗೆ 32 ಜನಕ್ಕೆ ಹೊಟ್ಟೆ ತೆರೆದು, 32 ಜನಕ್ಕೆ ಲ್ಯಾಪ್ರೊಸ್ಕೋಪಿ. ಆಸ್ಪತ್ರೆಯಲ್ಲಿದ್ದ ದಿನ: ತೆರೆದವರಿಗೆ 13, ಲ್ಯಾಪ್ರೊಸ್ಕೋಪಿಯವರಿಗೆ 7.

ಇಷ್ಟು ಓದಿ ಖುಷಿ ಪಡ್ತೀರಿ. ನಾನೂ ಪಟ್ಟೆ. ಮುಂದೆ ಕೇಳ್ರಿ. ನೆದರ್ಲೆಂಡ್ಸ್‌ನಲ್ಲಿ ಹಲವು ಆಸ್ಪತ್ರೆಗಳು ಸೇರಿ ಇದೇ ತಲೆಯ ಆಪರೇಷನ್ ಮೇಲೆ ಇದೇ ಥರ ಹೋಲಿಕೆ ಶುರು ಮಾಡಿದವು, ಅರ್ಧಕ್ಕೇ ನಿಲ್ಲಿಸಿದವು. 2019ರಲ್ಲಿ ಬಂದ ವರದಿ: ಲ್ಯಾಪ್ರೊಸ್ಕೋಪಿಯ 50 ಜನರಲ್ಲಿ 5 ಮಂದಿ ತೊಡಕುಗಳಿಂದ ತೀರಿಕೊಂಡರು, ತೆರೆದು ಮಾಡಿದ 49ರಲ್ಲಿ ಒಬ್ಬರು.

ಅದೇ ದೇಶದವರು ಬಾಲದ ಆಪರೇಷನ್ ಮೇಲೆ 108 ಜನರನ್ನು ಹೋಲಿಸಿದಾಗ ಫಲಿತಾಂಶ ಬೇರೆ. ತೂತಿನ ಆಪರೇಷನ್ ಆದವರು 4 ದಿನಕ್ಕೆ ಚೇತರಿಸಿಕೊಂಡರು, ತೆರೆದವರು 6 ದಿನಕ್ಕೆ. ರಕ್ತವೂ ಕಡಿಮೆ ಹೋಯಿತು. ಆದರೆ ಒಳಗೆ ರಸ ಸೋರುವ ತೊಡಕು ಕಡಿಮೆ ಆಗಲಿಲ್ಲ.

ಹಂಗಾದ್ರೆ ಕೀಹೋಲ್ ಒಳ್ಳೇದೋ ಕೆಟ್ಟದ್ದೋ ಅನ್ನೋದು ಪೂರ್ತಿ ಪ್ರಶ್ನೆ ಅಲ್ಲ. ತಲೆಗೋ ಬಾಲಕ್ಕೋ? ಯಾರ ಕೈಯಲ್ಲಿ? ಅದೂ ಸೇರಬೇಕು.

5/9
ನಮ್ಮ ಮನೆಯ ಜಗಳ ಈ ಅಂಕಿಗಳ ಮೇಲೆ ಆಗಲಿಲ್ಲ. ಕಲೆಯ ಮೇಲೆ ಆಯಿತು.

ಅಕ್ಕನಿಗೆ ಆಗ ಅಣ್ಣಿಗೇರಿ ಕಡೆಯ ಒಂದು ಸಂಬಂಧ ಬಂದಿತ್ತು. ಮಾತು ಅರ್ಧಕ್ಕೆ ಬಂದಿತ್ತು. ಆಕೆಯ ಸೋದರಮಾವ ಹುಬ್ಬಳ್ಳಿಗೆ ಬಂದವರೇ ಹೇಳಿದ್ದು: "ತೂತಿಂದ ಮಾಡಿಸ್ರಿ. ಹೊಟ್ಟಿ ಮ್ಯಾಲ ಉದ್ದ ಗೆರಿ ಬಿದ್ರ ನಾಳೆ ಯಾರು ಮಾಡ್ಕೋತಾರ? ತೂತಾದ್ರ ಗೊತ್ತೂ ಆಗೂದಿಲ್ಲ." ದೊಡ್ಡಪ್ಪ ಮಾತಾಡಲಿಲ್ಲ. ಮಾತಾಡದೇ ಇರೋದೂ ನಮ್ಮ ಕಡೆ ಒಪ್ಪಿಗೇನೇ.

ಹುಬ್ಬಳ್ಳಿಯ ಸರ್ಜನ್ ಮಾತ್ರ ನೇರ ಮನುಷ್ಯ. "ನೋಡ್ರಿ, ತೆರೆದು ಮಾಡೂದು ನನಗ ರೂಢಿ ಐತಿ. ಪ್ಯಾಂಕ್ರಿಯಾಸಿನ ಬಾಲ ಕೀಹೋಲಿನಿಂದ ನಾ ಮಾಡಿದ್ದು ಬೆರಳೆಣಿಕೆ. ಅದೇ ಬೇಕು ಅಂದ್ರ, ವಾರಾ ವಾರಾ ಇದನ್ನ ಮಾಡುವವರ ಹತ್ರ ಹೋಗ್ರಿ. ಪತ್ರ ಬರೆದುಕೊಡ್ತೀನಿ" ಅಂದರು.

ಈ ಒಂದು ಮಾತಿಗೆ ಅವರ ಮೇಲಿನ ಗೌರವ ನನಗೆ ಹೆಚ್ಚಾಯಿತು. ಇದರ ಹಿಂದೆಯೂ ಲೆಕ್ಕ ಇದೆ. 2002ರಲ್ಲಿ ಅಮೆರಿಕದಲ್ಲಿ ವಯಸ್ಸಾದ ರೋಗಿಗಳ ದಾಖಲೆ ತೆಗೆದು ನೋಡಿದರು. ಪ್ಯಾಂಕ್ರಿಯಾಸ್ ಆಪರೇಷನ್ ಅತಿ ಕಡಿಮೆ ಮಾಡುವ ಆಸ್ಪತ್ರೆಗಳಲ್ಲಿ ನೂರಕ್ಕೆ ಸುಮಾರು 16 ಜನ ತೀರಿಕೊಂಡಿದ್ದರು. ಅತಿ ಹೆಚ್ಚು ಮಾಡುವಲ್ಲಿ ಸುಮಾರು 4. ಹೆಸರು ಒಂದೇ ಆಪರೇಷನ್, ವ್ಯತ್ಯಾಸ ನಾಲ್ಕು ಪಟ್ಟು.

ಅಕ್ಕ ಆ ಕೋಣೆಯಲ್ಲಿ ಕೇಳಿದ್ದು ಕಲೆಯ ಬಗ್ಗೆ ಅಲ್ಲ. "ಸರ್, ಗುಲ್ಮ ಉಳೀತೈತೇನ್ರಿ?" ಅಂತ. ರಾತ್ರಿಯೆಲ್ಲಾ ಓದಿದ್ದಳು. ಮಾವ ಆಕೆಯ ಮುಖ ನೋಡಿದರು. ಇಷ್ಟು ಹೊತ್ತು ಆಕೆಯ ಹೊಟ್ಟೆಯ ಬಗ್ಗೆ ಆಕೆಯನ್ನು ಬಿಟ್ಟು ಎಲ್ಲರೂ ಮಾತಾಡಿದ್ದರು.

ಬೆಂಗಳೂರಿಗೆ ಹೋಗೋದು ಅಂತ ಆಯಿತು. ಕಾರಣ ಮಾವನಿಗೆ ಒಂದು, ಅಕ್ಕನಿಗೆ ಇನ್ನೊಂದು.

6/9
ದುಡ್ಡಿನ ಮಾತು. ನಾನು ಓದೋದು ಬಿಕಾಂ, ಇದನ್ನು ಬಿಟ್ಟು ಮುಂದೆ ಹೋಗಲಾರೆ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ನಮ್ಮ ರಾಜ್ಯದಲ್ಲಿ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ದೊಡ್ಡ ಚಿಕಿತ್ಸೆಗೆ ಖಾಸಗಿಗೆ ಹೋಗಬೇಕಾದರೆ ಸರ್ಕಾರಿ ದವಾಖಾನೆಯಿಂದ ರೆಫರಲ್ ಪತ್ರ ಬೇಕು. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಇರ್ತಾರೆ. ಅವರನ್ನು ಮೊದಲು ಹುಡುಕ್ರಿ, ಆಮೇಲೆ ಕ್ಯಾಂಟೀನ್ ಹುಡುಕ್ರಿ.

ನಮ್ಮದು ಬಿಪಿಎಲ್. ಆಪರೇಷನ್ ಕಾರ್ಡಿನಲ್ಲಿ ಆಯಿತು. ಆದರೆ ಅದಕ್ಕೂ ಮೊದಲಿನ ಸ್ಕ್ಯಾನುಗಳು, ಓಡಾಟ, ಜೊತೆಗಿದ್ದ ಇಬ್ಬರ ಊಟ ವಸತಿ ಕೈಯಿಂದಲೇ. ದೊಡ್ಡವ್ವನ ಒಂದು ಜೋಡಿ ಬಿಲ್ವಾರ ನವಲಗುಂದದಲ್ಲೇ ಉಳಿಯಿತು.

ಕಾಸ್ಟ್ ಅಕೌಂಟಿಂಗ್‌ನಲ್ಲಿ ನಮಗೆ ಹೇಳಿಕೊಡ್ತಾರೆ, ಬಿಲ್ಲಿನಲ್ಲಿ ಕಾಣೋದಷ್ಟೇ ಖರ್ಚಲ್ಲ ಅಂತ. ಕೀಹೋಲಿನಲ್ಲಿ ಸಾಮಾನು ದುಬಾರಿ. ಒಳಗೆ ಕತ್ತರಿಸುತ್ತಲೇ ಪಿನ್ನು ಹೊಡೆದು ಮುಚ್ಚುವ ಸ್ಟೇಪ್ಲರ್ ಬೇಕು, ಒಮ್ಮೆ ಬಳಸಿದ ಕಾರ್ಟ್ರಿಜ್ ಮತ್ತೆ ಬಳಸುವ ಹಾಗಿಲ್ಲ. ತೆರೆದು ಮಾಡಿದರೆ ಸಾಮಾನಿನ ಖರ್ಚು ಕಡಿಮೆ, ಹಾಸಿಗೆಯ ದಿನ ಜಾಸ್ತಿ. ಆಸ್ಪತ್ರೆಯ ಲೆಕ್ಕದಲ್ಲಿ ಹಾಸಿಗೆಯ ದಿನ ಅಂದ್ರೆ ಬಾಡಿಗೆ. ನಮ್ಮ ಲೆಕ್ಕದಲ್ಲಿ ಹೊಲಕ್ಕೆ ಹೋಗದ ಎರಡು ಜೋಡಿ ಕೈ. ಈ ಎರಡನೇ ಕಾಲಂ ಯಾವ ಬಿಲ್ಲಿನಲ್ಲೂ ಇರೋದಿಲ್ಲ. ಕಾಗದದ ಮೇಲೆ ಅದನ್ನೂ ಬರೆದು ಕೂಡಿಸಿದ ಮೇಲೆಯೇ ದೊಡ್ಡಪ್ಪ "ಬೆಂಗಳೂರ ಆಗ್ಲಿ" ಅಂದರು.

7/9
ಆಪರೇಷನ್ನಿಗೆ ಎರಡು ವಾರ ಮೊದಲು ಅಕ್ಕನಿಗೆ ಲಸಿಕೆ ಹಾಕಿದರು. ಯಾಕೆ ಅಂತೀರಾ? ಪ್ಯಾಂಕ್ರಿಯಾಸಿನ ಬಾಲ ತೆಗೆಯುವಾಗ ಗುಲ್ಮವನ್ನೂ ತೆಗೆಯಬೇಕಾಗಬಹುದು. ಗುಲ್ಮಕ್ಕೆ ಹೋಗುವ ರಕ್ತನಾಳಗಳು ಪ್ಯಾಂಕ್ರಿಯಾಸಿನ ಬೆನ್ನಿಗೇ ಅಂಟಿಕೊಂಡಿರುತ್ತವೆ. ಗುಲ್ಮ ಇಲ್ಲದೆ ಬದುಕಬಹುದು, ಆದರೆ ಕೆಲವು ಬ್ಯಾಕ್ಟೀರಿಯಾಗಳ ಮುಂದೆ ಮೈ ದುರ್ಬಲ ಆಗುತ್ತದೆ. ನ್ಯುಮೋಕಾಕಸ್, ಮೆನಿಂಜೋಕಾಕಸ್, ಹಿಬ್, ಈ ಮೂರಕ್ಕೆ ಲಸಿಕೆ. ಗುಲ್ಮ ಇಲ್ಲದವರಿಗೆ ಜ್ವರ ಬಂದರೆ ಗುಳಿಗೆ ನುಂಗಿ ಮಲಗುವ ಹಾಗಿಲ್ಲ, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಗುಲ್ಮ ಉಳಿಸುವ ದಾರಿಯೂ ಇದೆ. ಆ ರಕ್ತನಾಳಗಳನ್ನು ಎಳೆ ಎಳೆಯಾಗಿ ಬಿಡಿಸಿ ಹಾಗೇ ಬಿಡುವ ವಿಧಾನಕ್ಕೆ ಜಪಾನಿನ ಕಿಮುರಾ ಹೆಸರಿದೆ. ಅವರ ವರದಿ 1996ರದ್ದು. ಕ್ಯಾಮೆರಾದಲ್ಲಿ ಎಲ್ಲಾ ದೊಡ್ಡದಾಗಿ ಕಾಣೋದರಿಂದ ಈ ಬಿಡಿಸುವ ಕೆಲಸಕ್ಕೆ ಕೀಹೋಲ್ ಅನುಕೂಲ ಅಂತ ಡಾಕ್ಟರು ವಿವರಿಸಿದರು. ಅಕ್ಕನ ಕಾರಣ ಇದಾಗಿತ್ತು.

ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಇತ್ತು: ಬೇಕಾದರೆ ಹೊಟ್ಟೆ ತೆರೆಯುತ್ತೇವೆ. ಮಾವ ಅಲ್ಲೇ ತಡೆದರು. ಡಾಕ್ಟರಮ್ಮ ಹೇಳಿದ್ದನ್ನು ನಾನು ಮೊಬೈಲಿನಲ್ಲಿ ಬರೆದಿಟ್ಟೆ: "ತೆರೆಯೋದು ಸೋಲಲ್ಲ. ತೆರೆಯಬೇಕಾದಾಗ ತೆರೆಯದೇ ಇರೋದು ಸೋಲು." ಅಕ್ಕ ತಾನೇ ಪೆನ್ನು ತಗೊಂಡು ಸಹಿ ಮಾಡಿದಳು.

ಹೊಟ್ಟೆಯೊಳಗೆ ಕಾರ್ಬನ್ ಡೈ ಆಕ್ಸೈಡ್ ತುಂಬಿ ಡೇರೆ ಥರ ಎತ್ತುತ್ತಾರೆ. ಒಂದು ತೂತಿನಿಂದ ಕ್ಯಾಮೆರಾ, ಉಳಿದವುಗಳಿಂದ ಉದ್ದನೆಯ ಉಪಕರಣ. ಗಡ್ಡೆಯನ್ನು ಒಳಗೇ ಒಂದು ಚೀಲಕ್ಕೆ ಹಾಕಿ, ಕಿಬ್ಬೊಟ್ಟೆಯಲ್ಲಿ ಸಣ್ಣ ಗೆರೆ ಕೊಯ್ದು ಹೊರಗೆ ತೆಗೀತಾರೆ. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದವಳು ಮಧ್ಯಾಹ್ನ ಎರಡಕ್ಕೆ ಹೊರಗೆ ಬಂದಳು. ನಾಲ್ಕು ತೂತು, ಒಂದು ಗೆರೆ. ಗುಲ್ಮ ಉಳಿದಿತ್ತು.

ಎಚ್ಚರಾದ ಮೇಲೆ ಆಕೆಗೆ ಹೊಟ್ಟೆಗಿಂತ ಭುಜ ನೋಯುತ್ತಿತ್ತು. ಒಳಗೆ ತುಂಬಿದ ಗ್ಯಾಸಿನಿಂದ ಹಾಗಾಗುತ್ತದಂತೆ.

8/9
ಈಗ ಮೊದಲ ಭಾಗದ ಆ ಮಾತು. ಮಾಂಸವನ್ನೂ ಕರಗಿಸುವ ರಸ.

ಪ್ಯಾಂಕ್ರಿಯಾಸನ್ನು ಕತ್ತರಿಸಿ ಮುಚ್ಚಿದ ತುದಿಯಿಂದ ಆ ರಸ ಸೋರಬಹುದು. ಕೊಯ್ದು ಮಾಡಿದರೂ, ತೂತಿನಿಂದ ಮಾಡಿದರೂ ಈ ತೊಡಕು ಇದ್ದದ್ದೇ. ಅದಕ್ಕೇ ಹೊಟ್ಟೆಯೊಳಗಿಂದ ಒಂದು ಪೈಪು ಹೊರಗೆ ಬಿಟ್ಟಿರ್ತಾರೆ. ಮೂರನೇ ದಿನ ಆ ನೀರಿನಲ್ಲಿ ಅಮೈಲೇಸ್ ಎಷ್ಟಿದೆ ನೋಡ್ತಾರೆ. ಅಕ್ಕನದು ಜಾಸ್ತಿ ಬಂತು. ಜ್ವರ ಇರಲಿಲ್ಲ, ಊಟ ಸೇರುತ್ತಿತ್ತು. ಹಂಗಾಗಿ ಪೈಪು ಹಾಗೇ ಇಟ್ಟು, ದಿನಾ ಎಷ್ಟು ನೀರು ಬರುತ್ತದೆ ಬರೆದಿಡಿ ಅಂತ ಹೇಳಿ ಎಂಟನೇ ದಿನ ಮನೆಗೆ ಕಳಿಸಿದರು. ಆ ಬರೆಯುವ ಕೆಲಸ ನನ್ನದು. ಮೊದಲ ದಿನ 60 ಮಿಲಿ, ಆಮೇಲೆ 45, ಆಮೇಲೆ ಮತ್ತೆ 50. ಇಳಿಯುತ್ತಾ ಇಳಿಯುತ್ತಾ ಮೂರು ವಾರಕ್ಕೆ ನಿಂತಿತು. ಪೈಪು ತೆಗೆದರು.

ಆಗ ಜನವರಿ. ಎರಿ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಸುಗ್ಗಿ. ಆಳು ಸಿಗದ ಹೊತ್ತು. ನೋಡಲು ಬಂದವರು ಕೇಳುತ್ತಿದ್ದದ್ದು ಒಂದೇ: "ನಾಕು ತೂತಷ್ಟ ಅಲ್ಲೇನು? ಇನ್ನೂ ಮಲಗ್ಯಾಳಲ್ಲ?" ಪಕ್ಕದ ಓಣಿಯಲ್ಲಿ ಸಿಸೇರಿಯನ್ ಆದ ಸೊಸೆಗೆ ಎರಡು ತಿಂಗಳು ಕೊಡ ಎತ್ತಲು ಬಿಟ್ಟಿರಲಿಲ್ಲ. ಆಕೆಯ ಗೆರೆ ಎಲ್ಲರಿಗೂ ಗೊತ್ತಿತ್ತು. ಅಕ್ಕನ ಹೊಟ್ಟೆಯೊಳಗೆ ಅರ್ಧ ಅಂಗ ಹೋಗಿತ್ತು, ಹೊರಗೆ ಕಾಣುವಂಥದ್ದು ಏನೂ ಇರಲಿಲ್ಲ. ಆ ಪೈಪು, ಚೀಲ ಇದ್ದಷ್ಟು ದಿನ ಜನ ನಂಬಿದರು. ತೆಗೆದ ಮರುದಿನವೇ ರೊಟ್ಟಿ ಬಡಿಯಲು ಕರೆದರು.

ದೊಡ್ಡವ್ವನೇ ಅಡ್ಡ ನಿಂತಳು. "ಮರುದಿನಾನ ಮನೀಗೆ ಬಂದಿದ್ದೆ" ಅಂದಿದ್ದ ಅದೇ ದೊಡ್ಡವ್ವ. ಮೂರು ವಾರ ಆ ಚೀಲದ ನೀರು ಚೆಲ್ಲಿದವಳು ಆಕೆ. "ತೂತು ನೋಡಬ್ಯಾಡ್ರಿ, ಒಳಗ ತಗದದ್ದು ನೋಡ್ರಿ" ಅಂತ ಬಂದವರಿಗೆಲ್ಲಾ ಹೇಳಿದಳು.

ಇಷ್ಟು ಉದ್ದ ಸರಣಿ ಬರೆದದ್ದು ಆ ಒಂದು ಸಾಲಿಗೆ. ಗಾಯ ಸಣ್ಣದಾದರೆ ನೋವು ಕಡಿಮೆ, ರಕ್ತ ಕಡಿಮೆ, ಬೇಗ ಎದ್ದು ಓಡಾಡಬಹುದು. ಎಲ್ಲಾ ಖರೆ. ಆದರೆ ಒಳಗಿನ ಕೆಲಸ ಸಣ್ಣದಾಗೋದಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ವಿಶ್ರಾಂತಿ ಸಿಗಬೇಕಾದರೆ ಗಾಯ ಕಾಣಬೇಕು. ಕಾಣದಿದ್ದರೆ ಆಕೆ ಹುಷಾರಾದಳು ಅಂತಲೇ ಲೆಕ್ಕ.

9/9
ಆ ಸಂಬಂಧ ಏನಾಯಿತು ಅಂತ ಕೇಳ್ತೀರಿ, ಗೊತ್ತು.

ಹೇಳೋದೇ ಬೇಡ ಅಂತ ಮಾವ. ಅಕ್ಕ ಒಪ್ಪಲಿಲ್ಲ. "ವರ್ಷಕ್ಕೊಮ್ಮೆ ಸ್ಕ್ಯಾನಿಗೆ ಹೋಗಬೇಕು ನಾ. ಪ್ರತಿ ವರ್ಷ ಏನಂತ ಸುಳ್ಳು ಹೇಳಿ ಹೋಗ್ಲಿ?" ಅಂದಳು. ಹುಡುಗನಿಗೆ ತಾನೇ ಫೋನ್ ಮಾಡಿ ಹೇಳಿದಳು. ಅವರು ಹತ್ತು ದಿನ ಬಿಟ್ಟು, ಜಾತಕ ಕೂಡಲಿಲ್ಲ ಅಂತ ಹೇಳಿ ಕಳಿಸಿದರು. ಮೊದಲು ಕೂಡಿದ್ದ ಅದೇ ಜಾತಕ. ಅಕ್ಕ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಬಿಎಡ್ ಅರ್ಜಿ ತುಂಬಿದಳು. ಈಗ ದಿನಾ ಬೆಳಿಗ್ಗೆ ಏಳೂವರೆ ಬಸ್ಸಿಗೆ ಇಬ್ಬರೂ ಹೋಗ್ತೀವಿ. ಮೊದಲ ಸ್ಕ್ಯಾನ್ ಚೊಲೋ ಬಂದಿದೆ. ಸಕ್ಕರೆಯೂ ಸರಿ ಇದೆ, ಅದನ್ನೂ ಆಗಾಗ ನೋಡ್ತಿರಬೇಕು. ಬಾಲದ ಕಡೆ ತೆಗೆದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಇರುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹಿಂಗ ಬಂದರೆ, ಡಾಕ್ಟರಿಗೆ ಇವನ್ನ ಕೇಳ್ರಿ. ಸೇವ್ ಮಾಡಿ ಇಟ್ಕೊಳ್ರಿ.

• ಗಂಟು ತಲೆಯಲ್ಲೋ ಬಾಲದಲ್ಲೋ? ಯಾವ ಜಾತಿಯದು?
• ಈ ಆಪರೇಷನ್ ನೀವು ವರ್ಷಕ್ಕೆ ಎಷ್ಟು ಮಾಡ್ತೀರಿ? ಕೀಹೋಲಿನಿಂದ ಎಷ್ಟು? (ಕೇಳಲು ನಾಚಬ್ಯಾಡ್ರಿ. ಒಳ್ಳೆ ಡಾಕ್ಟರು ಸಿಟ್ಟಾಗೋದಿಲ್ಲ.)
• ಯಾವ ಸಂದರ್ಭದಲ್ಲಿ ಹೊಟ್ಟೆ ತೆರೀತೀರಿ?
• ಗುಲ್ಮ ಉಳಿಯುತ್ತದೋ? ಲಸಿಕೆ ಯಾವಾಗ?
• ರಸ ಸೋರಿದರೆ ಏನು ಮಾಡ್ತೀರಿ? ಊರಿಗೆ ಹೋದ ಮೇಲೆ ತೊಂದರೆ ಆದರೆ ಯಾರಿಗೆ ಫೋನ್ ಮಾಡಬೇಕು?
• ಭಾರ ಎತ್ತೋದು, ಬಗ್ಗಿ ಹೊಲದ ಕೆಲಸ ಎಷ್ಟು ದಿನ ಬಿಟ್ಟು?

ಕೊನೆಯ ಪ್ರಶ್ನೆಯ ಉತ್ತರವನ್ನು ಮನೆಯ ಎಲ್ಲರ ಮುಂದೆ ಹೇಳಿಸ್ರಿ. ಸಾಧ್ಯವಾದರೆ ಚೀಟಿಯಲ್ಲಿ ಬರೆಸ್ರಿ. ನಾವು ಬರೆಸಿದ್ವಿ. ಅಡಗಿಮನೆ ಗೋಡೆಗೆ ಹಚ್ಚಿದ್ದ ಆ ಚೀಟಿಯೇ ಇವತ್ತಿನ ಫೋಟೊ.

#ನವಲಗುಂದ #ಅಣ್ಣಿಗೇರಿ #ಧಾರವಾಡ #ಪ್ಯಾಂಕ್ರಿಯಾಸ್ #ಕನ್ನಡಬರಹ #ಉತ್ತರಕರ್ನಾಟಕ